ಆರು ಗಂಟೆ ಅಂದ್ರೆ ಆರೇ ಗಂಟೆ

ಮೈಸೂರಿನ ಒಂದು ಮನೆಯಲ್ಲಿ ಮೂರು ವರ್ಷ ಹೋಮ್ ನರ್ಸ್ ಆಗಿದ್ದೆ. ಅಜ್ಜನಿಗೆ 78 ವರ್ಷ, ಪಾರ್ಕಿನ್‌ಸನ್ ಕಾಯಿಲೆ. ಮೊದಮೊದಲು ನನ್ನ ಕಣ್ಣೆಲ್ಲ ಅವರ ಕೈ ನಡುಕದ ಮೇಲೆಯೇ ಇತ್ತು. ಅವರನ್ನು ಜಾಸ್ತಿ ಕಾಡುತ್ತಿದ್ದದ್ದು ಮೈ ಬಿಗಿತ. ಬೆಳಗ್ಗೆ ಮಗ್ಗುಲು ಹೊರಳೋಕೂ ಆಗುತ್ತಿರಲಿಲ್ಲ.

ಈ ಕಾಯಿಲೆಯಲ್ಲಿ ಮೈಯ ಚಲನೆಗೆ ಬೇಕಾದ ಡೋಪಮೈನ್ ಅನ್ನೋ ರಾಸಾಯನಿಕ ಮೆದುಳಲ್ಲಿ ಕಮ್ಮಿಯಾಗುತ್ತೆ, ಅದನ್ನು ತುಂಬಿಕೊಡೋದು ಲೆವೊಡೋಪಾ ಮಾತ್ರೆ. ಅದು 6, 10, 2, 6 ಗಂಟೆಗೆ. ಮನೆಯವರು ಅದನ್ನು ಹಾಲಿನ ಜೊತೆ ಕೊಡುತ್ತಿದ್ದರು. ಹಾಲು, ಬೇಳೆ, ಮೊಟ್ಟೆಯ ಪ್ರೋಟೀನ್ ಆ ಮಾತ್ರೆಗೆ ಅಡ್ಡ ಬರುತ್ತೆ. ಡಾಕ್ಟರನ್ನು ಕೇಳಿಕೊಂಡು, ತಿಂಡಿಗೆ ಅರ್ಧ ಗಂಟೆ ಮೊದಲೇ ಬರೀ ನೀರಲ್ಲಿ ಕೊಡಲು ಶುರು ಮಾಡಿದೆ. ಮಾತ್ರೆ ಹಿಡಿದು ಮೈ ಸಡಿಲವಾದ ಹೊತ್ತಲ್ಲೇ ಸ್ನಾನ, ಬಟ್ಟೆ, ನಡಿಗೆ ಎಲ್ಲ ಮುಗಿಸುತ್ತಿದ್ದೆವು.

ಬಚ್ಚಲುಮನೆ ಬಾಗಿಲಿಗೆ ಬಂದರೆ ಅಜ್ಜನ ಕಾಲು ನೆಲಕ್ಕೆ ಅಂಟಿಬಿಡುತ್ತಿತ್ತು. ಒಂದು ದಿನ ಅವಸರದಲ್ಲಿ ಕೈ ಹಿಡಿದು ಎಳೆದೆ. ಮೈ ಮುಂದೆ ಬಂತು, ಪಾದ ಬರಲಿಲ್ಲ. ಇಬ್ಬರೂ ಗೋಡೆಗೆ ಒರಗಿದ್ದರಿಂದ ಉಳಿದೆವು. ಆಮೇಲೆ ಎಳೆಯಲೇ ಇಲ್ಲ. ಫಿಸಿಯೋಥೆರಪಿಯವರು ಹೇಳಿದ ಹಾಗೆ ನೆಲಕ್ಕೆ ಹಳದಿ ಟೇಪಿನ ಅಡ್ಡ ಪಟ್ಟಿ ಅಂಟಿಸಿದೆ. ಅಜ್ಜ ನಿಲ್ಲುತ್ತಾರೆ, ಉಸಿರು ಬಿಡುತ್ತಾರೆ, ಭಾರವನ್ನು ಎಡಗಾಲಿಗೆ ಹಾಕಿ ಬಲಗಾಲನ್ನು ಎತ್ತಿ ಪಟ್ಟಿ ದಾಟಿಸುತ್ತಾರೆ. ಅವರಿಗೆ ಸಂಗೀತ ಗೊತ್ತಿತ್ತು. ನಾನು 'ತಕ ಧಿಮಿ' ಅಂತ ಚಪ್ಪಾಳೆ ತಟ್ಟಿದರೆ ಸಾಕು, ಅಂಟಿದ್ದ ಹೆಬ್ಬೆರಳು ಮೆಲ್ಲಗೆ ಏಳುತ್ತಿತ್ತು. ಅದನ್ನು ನೋಡುವಾಗ ನನಗೆ ಗಂಟಲು ಕಟ್ಟುತ್ತಿತ್ತು.

ಊಟಕ್ಕೆ ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಬಗ್ಗಿಸಿ, ಚಿಕ್ಕ ತುತ್ತು. ನೀರು ಕುಡಿದರೆ ಕೆಮ್ಮು ಬರುತ್ತಿತ್ತು, ಗಟ್ಟಿ ರಾಗಿ ಗಂಜಿ ಸಲೀಸಾಗಿ ಇಳಿಯುತ್ತಿತ್ತು.

ಒಮ್ಮೆ ಜ್ವರ ಅಂತ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಬೆಳಗಿನ ಮಾತ್ರೆ ಕೊಟ್ಟದ್ದು ವಾರ್ಡಿನ ಲೆಕ್ಕದಲ್ಲಿ, ಒಂಬತ್ತಕ್ಕೆ. ವಾಂತಿ ಆಯಿತು ಅಂತ ಮೆಟೊಕ್ಲೊಪ್ರಮೈಡ್ ಇಂಜೆಕ್ಷನ್ ಬೇರೆ. ಅದು ಮೆದುಳಿನಲ್ಲಿ ಡೋಪಮೈನ್ ಕೆಲಸವನ್ನೇ ತಡೆಯುವ ಔಷಧ. ಸಂಜೆ ಹೊತ್ತಿಗೆ ಅಜ್ಜ ಕೊರಡಾಗಿದ್ದರು, ಬಾಯಿ ತೆರೆಯಲೂ ಆಗುತ್ತಿರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ಕೇಳಲಿಲ್ಲ. ಆ ಸಂಕಟ ಇವತ್ತಿಗೂ ಇದೆ.

ಈಗ ನಾನು ಪಾರ್ಕಿನ್‌ಸನ್ ಇರುವ ಯಾರನ್ನೇ ನೋಡಿಕೊಳ್ಳಲಿ, ಒಂದು ದಪ್ಪ ಕಾಗದದಲ್ಲಿ ಮಾತ್ರೆಯ ಹೊತ್ತು ಬರೆದು, ಕೆಳಗೆ ಕೆಂಪು ಶಾಯಿಯಲ್ಲಿ 'ಮೆಟೊಕ್ಲೊಪ್ರಮೈಡ್ ಬೇಡ, ಲೆವೊಡೋಪಾ ತಪ್ಪಿಸಬೇಡಿ' ಅಂತ ಬರೆಯುತ್ತೇನೆ. ಆಸ್ಪತ್ರೆಗೆ ಹೋದರೆ ಅದು ಫೈಲಿನ ಮೇಲಿನ ಹಾಳೆ. ಪಾಳಿ ಬದಲಾದಾಗಲೆಲ್ಲ ಹೊಸ ಸಿಸ್ಟರ್‌ಗೆ ಮತ್ತೆ ತೋರಿಸುತ್ತೇನೆ.