ಅಮ್ಮನ ಜೊತೆ ಕೂತು ಕೊರಿಯನ್ ಡ್ರಾಮಾ ನೋಡುವುದು: ನನ್ನ ಅನುಭವ

ಕೊರಿಯನ್ ಡ್ರಾಮಾ ನೋಡಲು ಶುರು ಮಾಡಬೇಕು ಅನ್ನುವವರಿಗೆ ನಾನು ಹೇಳುವುದು ಒಂದೇ ಮಾತು. ಒಬ್ಬರೇ ಕೂತು, ರಾತ್ರಿಯೆಲ್ಲ ನೋಡಿ ಮುಗಿಸಬೇಡಿ. ಪಕ್ಕದಲ್ಲಿ ಇನ್ನೊಬ್ಬರು ಇರಲಿ. ಅವರು ನಿಮಗಿಂತ ತುಂಬಾ ದೊಡ್ಡವರೋ ಚಿಕ್ಕವರೋ ಆಗಿದ್ದರೆ ಇನ್ನೂ ಒಳ್ಳೆಯದು.

ನನ್ನ ಪಕ್ಕದಲ್ಲಿ ಕೂರುವುದು ಅಮ್ಮ. ಅವರಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಲು ಬರುವುದಿಲ್ಲ. ಹಾಗಾಗಿ ನಾನು ಓದಿ ಕನ್ನಡದಲ್ಲಿ ಹೇಳುತ್ತೇನೆ. ಮೊದಮೊದಲು ಒಂದೊಂದು ಮಾತನ್ನೂ ಬಿಡದೆ ಹೇಳುತ್ತಿದ್ದೆ. ಸ್ವಲ್ಪ ದಿನ ಹೋದ ಮೇಲೆ ಅಮ್ಮನೇ ಕೈ ಅಡ್ಡ ಹಿಡಿದು ‘ಸುಮ್ನಿರು, ಗೊತ್ತಾಗ್ತಿದೆ’ ಅನ್ನತೊಡಗಿದರು. ಆ ಕೈ ಎಲ್ಲೆಲ್ಲಿ ಅಡ್ಡ ಬರುತ್ತದೋ ಅದನ್ನು ನಾನು ಬರೆದಿಡುತ್ತೇನೆ. ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಎರಡು ಭಾಗ ಮಾಡಿದ್ದೇನೆ. ಒಂದು ಅಮ್ಮನದು, ಒಂದು ನನ್ನದು. ಕಥೆ ಬರೆಯುವುದಿಲ್ಲ, ಕಥೆ ಎಲ್ಲ ಕಡೆ ಸಿಗುತ್ತದೆ. ಯಾರಿಗೆ ಎಲ್ಲಿ ಅಳು ಬಂತು, ಎಲ್ಲಿ ಸಿಟ್ಟು ಬಂತು, ಎಲ್ಲಿ ಬೋರ್ ಆಯಿತು, ಅಷ್ಟೇ. ಬೇರೆಯವರ ವಿಮರ್ಶೆ ಓದುವ ಮೊದಲೇ ಬರೆಯುವುದು ಮುಖ್ಯ. ಓದಿದ ಮೇಲೆ ನಮ್ಮ ಅನಿಸಿಕೆ ಯಾವುದು, ಅವರದು ಯಾವುದು ಅಂತ ಬಿಡಿಸುವುದು ಕಷ್ಟ.

ಕೊರಿಯಾದ ಟಿವಿಯಲ್ಲಿ ಬಹಳಷ್ಟು ಡ್ರಾಮಾಗಳು ವಾರಕ್ಕೆ ಎರಡು ಎಪಿಸೋಡ್‌ನಂತೆ ಬಂದು, 16 ಎಪಿಸೋಡ್‌ಗೆ ಮುಗಿಯುತ್ತವೆ. ನಾವೂ ಅದೇ ಲೆಕ್ಕ ಹಿಡಿದೆವು. ಶನಿವಾರ ಒಂದು, ಭಾನುವಾರ ಒಂದು. ಮಧ್ಯದ ದಿನಗಳಲ್ಲಿ ಅಮ್ಮ ಸೊಪ್ಪು ಬಿಡಿಸುತ್ತಾ ಡ್ರಾಮಾದ ಮನೆಯವರ ವಿಷಯ ಮಾತಾಡುತ್ತಾರೆ. ನನಗೆ ಡ್ರಾಮಾದಷ್ಟೇ ಇಷ್ಟ ಈ ಮಾತುಗಳು.

ನಾವು ಮೊದಲು ಪೂರ್ತಿ ನೋಡಿದ್ದು ‘ರಿಪ್ಲೈ 1988’. ಟಿವಿಎನ್ ಚಾನೆಲ್‌ನಲ್ಲಿ 2015ರ ಕೊನೆಗೆ ಶುರುವಾಗಿ 2016ರ ಜನವರಿಯಲ್ಲಿ ಮುಗಿದ ಡ್ರಾಮಾ. ಸಿಯೋಲ್‌ನ ಸಾಂಗ್‌ಮುನ್-ದೊಂಗ್ ಅನ್ನುವ ಬಡಾವಣೆಯ ಒಂದು ಓಣಿ, ಐದು ಮನೆಗಳು. ಅಪ್ಪ ಯಾರದೋ ಸಾಲಕ್ಕೆ ಜಾಮೀನು ನಿಂತಿದ್ದರಿಂದ ನಾಯಕಿ ದೊಕ್-ಸನ್‌ಳ ಮನೆಯವರು ಅರ್ಧ ನೆಲದೊಳಗಿರುವ ಬಾಡಿಗೆ ಮನೆಯಲ್ಲಿದ್ದಾರೆ. ಇದನ್ನು ಹೇಳಿದ ಕೂಡಲೇ ಅಮ್ಮ ನೆಟ್ಟಗೆ ಕೂತರು. ಜಾಮೀನು ಅಂದರೆ ಏನು ಅಂತ ಅವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಮೊದಲ ಎಪಿಸೋಡ್‌ನಲ್ಲಿ ಒಂದು ಜಗಳ ಇದೆ. ಅಕ್ಕನ ಹುಟ್ಟುಹಬ್ಬದ ಜೊತೆಗೇ ದೊಕ್-ಸನ್‌ಳದ್ದನ್ನೂ ಮಾಡಿ ಮುಗಿಸುತ್ತಾರೆ, ಪ್ರತಿ ವರ್ಷ, ಒಂದೇ ಕೇಕಿನಲ್ಲಿ. ಅವಳು ಕೊನೆಗೂ ಸಿಡಿದೇಳುತ್ತಾಳೆ. ಆಮೇಲೆ ಅಪ್ಪ ಒಂದು ಪುಟ್ಟ ಕೇಕು ತಂದು, ತಾನೂ ಹುಟ್ಟಿದಾಗಿನಿಂದ ಅಪ್ಪನಲ್ಲ, ತನಗೂ ಇದು ಮೊದಲ ಸಲ ಅನ್ನುವ ಅರ್ಥದಲ್ಲಿ ಮಾತಾಡುತ್ತಾನೆ. ನಾನು ಎರಡನೇ ಮಗಳು. ನನಗೆ ಮಾತು ಮುಂದುವರಿಸಲು ಆಗಲಿಲ್ಲ. ಅಮ್ಮ ಅಳಲಿಲ್ಲ. ಅವರು ನೋಡಿದ್ದು ಅಪ್ಪನನ್ನು. ‘ಪಾಪ, ಅವನಿಗೆ ಯಾರು ಹೇಳಿಕೊಟ್ಟಿದ್ರು?’ ಅಂದರು. ಒಂದೇ ದೃಶ್ಯ, ನಾನು ಮಗಳ ಕಡೆ, ಅಮ್ಮ ಹೆತ್ತವರ ಕಡೆ. ನೋಟ್‌ಬುಕ್ಕಿಗೆ ಗೆರೆ ಎಳೆದದ್ದು ಅವತ್ತೇ.

ಎರಡನೇ ಎಪಿಸೋಡ್‌ನಲ್ಲಿ ದೊಕ್-ಸನ್‌ಳ ಅಜ್ಜಿ ತೀರಿಕೊಳ್ಳುತ್ತಾಳೆ. ಊರಿಗೆ ಹೋದರೆ ಅಪ್ಪ, ಅತ್ತೆಯರು ಬಂದವರ ಜೊತೆ ನಗುತ್ತಾ, ಕುಡಿಯುತ್ತಾ, ಇಸ್ಪೀಟಿನಂಥ ಆಟ ಆಡುತ್ತಾ ಕೂತಿದ್ದಾರೆ. ಮಕ್ಕಳಿಗೆ ಅರ್ಥವೇ ಆಗುವುದಿಲ್ಲ. ನನಗೂ ಸಿಟ್ಟು ಬಂತು. ಅಮ್ಮ ಮಾತ್ರ ಆರಾಮಾಗಿ ನೋಡುತ್ತಿದ್ದರು. ‘ಬಂದವರಿಗೆ ಊಟ ಹಾಕ್ಬೇಕಲ್ಲ, ಅಳ್ತಾ ಕೂರೋಕಾಗುತ್ತಾ?’ ಅಂತ ಕೇಳಿದರು. ರಾತ್ರಿ ಅಮೆರಿಕದಿಂದ ದೊಡ್ಡಣ್ಣ ಬರುತ್ತಾನೆ. ಅವನನ್ನು ಕಂಡ ಕೂಡಲೇ ಅಣ್ಣತಮ್ಮ ಅಕ್ಕತಂಗಿಯರೆಲ್ಲ ತಬ್ಬಿಕೊಂಡು ಗೋಳೋ ಅಂತ ಅಳುತ್ತಾರೆ. ಅಲ್ಲಿ ಅಮ್ಮನ ಕೈ ಅಡ್ಡ ಬಂತು.

ಇಂಥ ಜಾಗಗಳನ್ನು ನಾನು ಆಮೇಲೆ ಒಬ್ಬಳೇ ಮತ್ತೆ ನೋಡುತ್ತೇನೆ. ಅಳು ಎಲ್ಲಿಂದ ಬಂತು ಅಂತ ಹಿಂದಕ್ಕೆ ಹುಡುಕುವುದು ನನಗೆ ಇಷ್ಟದ ಕೆಲಸ. ಆ ಸಾವಿನ ಮನೆಯನ್ನು ನಿರ್ದೇಶಕ ಶಿನ್ ವೊನ್-ಹೊ ಮಕ್ಕಳ ಕಣ್ಣಿನಿಂದ ತೋರಿಸಿದ್ದಾರೆ. ಅದಕ್ಕೇ ನಮಗೂ ದೊಡ್ಡವರ ಮೇಲೆ ಸಿಟ್ಟು ಬರುತ್ತದೆ. ಅಳುವ ದೃಶ್ಯ ಇರುವುದು ಕೆಲವೇ ನಿಮಿಷ. ಅದಕ್ಕೆ ಭಾರ ಬಂದಿರುವುದು ಅದಕ್ಕೂ ಮುಂಚಿನ ನಗುವಿನಿಂದ.

‘ಮೈ ಮಿಸ್ಟರ್’ (2018) ಹೊತ್ತಿಗೆ ನಾನು ಹೇಳುವುದು ತೀರಾ ಕಡಿಮೆಯಾಯಿತು. ಆ ಡ್ರಾಮಾದಲ್ಲಿ ಜನ ಮಾತಿಗಿಂತ ಜಾಸ್ತಿ ನಡೆಯುತ್ತಾರೆ, ಉಸಿರು ಬಿಡುತ್ತಾರೆ. ಜಿ-ಆನ್ ಅನ್ನುವ ಹುಡುಗಿ ಕಚೇರಿಯ ಮೇಲಧಿಕಾರಿಯ ಫೋನನ್ನು ಕದ್ದು ಕೇಳುತ್ತಾಳೆ. ಅವನ ಹೆಜ್ಜೆ ಸಪ್ಪಳ, ನಿಟ್ಟುಸಿರು ಕೇಳುತ್ತಾ ಕೇಳುತ್ತಾ ಅವನ ಮೇಲೆ ಅಕ್ಕರೆ ಹುಟ್ಟುತ್ತದೆ. ಇದರಲ್ಲಿ ನಾನು ಏನು ಹೇಳಲಿ? ಕಿವಿ ಕೇಳದ ಅಜ್ಜಿಯನ್ನು ಅವಳು ಸೂಪರ್‌ಮಾರ್ಕೆಟ್‌ನ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಚಂದ್ರನನ್ನು ತೋರಿಸಲು ಹೋಗುವಾಗ ನಾನೂ ಅಮ್ಮನೂ ಬಾಯಿ ಬಿಡಲಿಲ್ಲ. ಆ ಮೇಲಧಿಕಾರಿಯ ಪಾತ್ರ ಮಾಡಿದ ಲೀ ಸನ್-ಕ್ಯುನ್ 2023ರ ಡಿಸೆಂಬರ್‌ನಲ್ಲಿ ತೀರಿಕೊಂಡರು ಅಂತ ನಾನು ಹೇಳಿದಾಗ ಅಮ್ಮ ಎಷ್ಟೋ ಹೊತ್ತು ನಂಬಲಿಲ್ಲ.

ಎಲ್ಲವೂ ಇಬ್ಬರಿಗೂ ಹಿಡಿಸುತ್ತದೆ ಅಂತಲ್ಲ. ‘ಸ್ಕ್ವಿಡ್ ಗೇಮ್’ನ ಮೊದಲ ಆಟಕ್ಕೇ ಅಮ್ಮ ಎದ್ದು ಹೋದರು. ಕೊಲೆ, ರಕ್ತ ಇರುವುದನ್ನು ನಾನು ಒಬ್ಬಳೇ ನೋಡುತ್ತೇನೆ. ಅದರ ನೋಟ್ಸೂ ಅಷ್ಟು ತುಂಬುವುದಿಲ್ಲ.

ನೋಟ್‌ಬುಕ್‌ನಲ್ಲಿ ಅತಿ ಹೆಚ್ಚು ಪುಟ ತುಂಬಿದ್ದು ‘ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್’. 2025ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್ ಇದನ್ನು ವಾರಕ್ಕೆ ನಾಲ್ಕು ಎಪಿಸೋಡ್‌ನಂತೆ ಬಿಟ್ಟಿತು. ಜೆಜು ದ್ವೀಪದ ಕಥೆ. ಸಮುದ್ರಕ್ಕೆ ಮುಳುಗಿ ಚಿಪ್ಪು ತೆಗೆಯುವ ಹೆನ್ಯೊ ಹೆಂಗಸರು, ಕವಿಯಾಗಬೇಕು ಅನ್ನುವ ಹುಡುಗಿ ಏ-ಸನ್, ಅವಳನ್ನು ಬಿಟ್ಟು ಬೇರೇನೂ ಬೇಡದ ಗ್ವಾನ್-ಸಿಕ್.

ಮದುವೆಯಾದ ಮೇಲೆ ಊಟದ ಒಂದು ದೃಶ್ಯ ಬರುತ್ತದೆ. ಗಂಡಸರು, ಹಿರಿಯರು ಒಂದು ಕಡೆ. ಸೊಸೆ, ಪುಟ್ಟ ಮೊಮ್ಮಗಳು ಹಿಂದೆ ಬೇರೆ ಮೇಜಿಗೆ. ಗ್ವಾನ್-ಸಿಕ್ ಕೂತಲ್ಲೇ ಹಿಂದಕ್ಕೆ ತಿರುಗುತ್ತಾನೆ. ಹೆಂಡತಿ, ಮಗಳ ಕಡೆ ಮುಖ ಮಾಡಿ ಊಟ ಮುಂದುವರಿಸುತ್ತಾನೆ. ನನಗೆ ತುಂಬಾ ಮುದ್ದು ಅನಿಸಿತು. ಹಾಗೇ ಬರೆದೆ ಕೂಡ. ಅಮ್ಮ ‘ಹಿಂದೆ ಹಾಕು’ ಅಂದರು. ಮತ್ತೆ ನೋಡಿದರು. ಆಮೇಲೆ ಸಿಟ್ಟಿನಲ್ಲಿ ಕೇಳಿದರು: ‘ಇಷ್ಟು ಸುಲಭ ಇತ್ತಾ?’

ಅವತ್ತು ಡ್ರಾಮಾ ಮುಂದೆ ಹೋಗಲಿಲ್ಲ. ಎಲ್ಲರ ಊಟ ಆದ ಮೇಲೆ ಅಡುಗೆಮನೆಯಲ್ಲಿ ನಿಂತೇ ಉಂಡದ್ದು, ಸಾರು ಮುಗಿದು ಮಜ್ಜಿಗೆಗೆ ಉಪ್ಪು ಹಾಕಿಕೊಂಡದ್ದು, ನಾನು ಹುಟ್ಟುವ ಮೊದಲಿನ ಮನೆಯ ಸುದ್ದಿಯೆಲ್ಲ ಹೊರಗೆ ಬಂತು. ನಾನು ಅಮ್ಮನ ಮಗಳಾಗಿ ಇಷ್ಟು ವರ್ಷ ಆದರೂ ಇದನ್ನು ಕೇಳಿರಲಿಲ್ಲ. ಅದೇ ಡ್ರಾಮಾದಲ್ಲಿ ಏ-ಸನ್ ಮನೆಯ ಅಕ್ಕಿ ಜಾಡಿ ಖಾಲಿಯಾಗದಂತೆ ಬಾಡಿಗೆ ಮನೆಯ ಮಾಲೀಕರಾದ ಮುದುಕ ಮುದುಕಿ ಗುಟ್ಟಾಗಿ ಅಕ್ಕಿ ಸುರಿಯುತ್ತಾರೆ. ಅಲ್ಲಿ ನನಗೆ ಅಳು ಬಂತು. ಅಮ್ಮ, ಹಾಗೆ ಅಕ್ಕಿ ಕೊಟ್ಟವರು ನಮ್ಮ ಬೀದಿಯಲ್ಲೂ ಇದ್ದರು ಅಂತ ಖುಷಿಯಿಂದ ಹೇಳಿದರು.

ಈಗ ಚಿಕ್ಕಮ್ಮನೂ ಸೇರಿಕೊಂಡಿದ್ದಾರೆ. ನೋಟ್‌ಬುಕ್‌ನಲ್ಲಿ ಮೂರನೇ ಭಾಗ ಬಂದಿದೆ. ಅವರಿಗಾಗಿ ‘ಟ್ಯಾಂಜರೀನ್ಸ್’ ಮತ್ತೆ ಮೊದಲಿನಿಂದ ಹಾಕಿದ್ದೇವೆ. ಊಟದ ದೃಶ್ಯ ನೋಡಿ ಚಿಕ್ಕಮ್ಮ ‘ತಿರುಗಿದ್ದೇನೋ ಸರಿ, ಮೊದಲನೇ ದಿನವೇ ಯಾಕೆ ತಿರುಗಲಿಲ್ಲ?’ ಅಂದರು. ಹೋದ ಸಲ ಅಷ್ಟು ಸಿಟ್ಟು ಮಾಡಿಕೊಂಡಿದ್ದ ಅಮ್ಮ ಈಗ ಗ್ವಾನ್-ಸಿಕ್‌ನ ಪರ ನಿಂತಿದ್ದಾರೆ. ಅವನಿನ್ನೂ ಹುಡುಗ, ಹೆತ್ತವರ ಮುಂದೆ ಅಷ್ಟು ಮಾಡಿದ್ದೇ ದೊಡ್ಡದು ಅಂತ ಅವರ ವಾದ. ಚಿಕ್ಕಮ್ಮ ಒಪ್ಪುತ್ತಿಲ್ಲ. ನಾನು ಪಾಜ್ ಒತ್ತಿ ಇಬ್ಬರದನ್ನೂ ಬರೆದುಕೊಳ್ಳುತ್ತಿದ್ದೇನೆ.