ಮೊದಲು ವಾಂತಿ ಗುಳಿಗೆ, ಆಮೇಲೆ ನೋವಿನ ಗುಳಿಗೆ

"ತಲಿಶೂಲಿಗೆ ವಾಂತಿ ಗುಳಿಗಿ ಯಾಕ್ರಿ?" ಅಂತ ಮನೆಯವರೂ ಕೇಳಿದರು, ಮೆಡಿಕಲ್ಲಿನವರೂ ನಕ್ಕರು. ನನ್ನದು ಮೈಗ್ರೇನ್, ವಾಂತಿಯನ್ನೂ ಜೊತೆಗೆ ತರುವ ಅರೆತಲೆನೋವು. ವಾಂತಿ ತಡೆಯುವ ಗುಳಿಗೆಯನ್ನು ಮೊದಲು ನುಂಗತೊಡಗಿದ ಮೇಲೆ ಹತ್ತು ಸಲಕ್ಕೆ ಏಳೆಂಟು ಸಲ ಎರಡು ತಾಸಿನೊಳಗೆ ಎದ್ದು ಕೂಡುತ್ತೇನೆ. ನಗುವವರು ನಗಲಿ.

ಮೈಗ್ರೇನ್ ಎದ್ದಾಗ ಹೊಟ್ಟೆಯ ಚಲನೆಯೇ ಮಂದವಾಗುತ್ತದೆ. ನುಂಗಿದ ಗುಳಿಗೆ ಅಲ್ಲೇ ಕೂತು ವಾಂತಿಯಲ್ಲಿ ಹೊರಬರುತ್ತದೆ. ಒಂದಕ್ಕೆ 50-60 ರೂಪಾಯಿ ಕೊಟ್ಟ ಸುಮಾಟ್ರಿಪ್ಟಾನ್ ಎಂಬ ಮೈಗ್ರೇನ್ ಗುಳಿಗೆ ಎಷ್ಟು ಸಲ ಗಟಾರಕ್ಕೆ ಹೋಯಿತೋ ಲೆಕ್ಕವಿಲ್ಲ. ಹೊರಬಂತೆಂದು ತಕ್ಷಣ ಇನ್ನೊಂದು ನುಂಗುವುದು ಅದಕ್ಕಿಂತ ದೊಡ್ಡ ತಪ್ಪು. ಮೊದಲಿನದು ಎಷ್ಟು ಮೈಗೆ ಹತ್ತಿದೆಯೋ ತಿಳಿಯುವುದಿಲ್ಲ.

ಆಕಳಿಕೆ ಶುರುವಾಗಿ ಕುತ್ತಿಗೆ ಬಿಗಿದ ಕೂಡಲೇ, ಎರಡು ಗುಟುಕು ನೀರಿನಲ್ಲಿ ಡಾಕ್ಟರು ಬರೆದ ವಾಂತಿ ಗುಳಿಗೆ, ಡೊಂಪೆರಿಡೋನ್ 10 ಮಿ.ಗ್ರಾಂ. ಹೃದಯದ ತೊಂದರೆ ಇದ್ದವರು ಇದನ್ನೂ ಸುಮಾಟ್ರಿಪ್ಟಾನನ್ನೂ ಕೇಳದೆ ಮುಟ್ಟಬಾರದು. ಪೂರ್ತಿ ಅಡ್ಡಾಗದೆ ದಿಂಬಿಗೆ ಒರಗಿ 20 ನಿಮಿಷ. ಆಮೇಲೆ ನಾಲ್ಕು ಚಮಚ ಜೋಳದ ಗಂಜಿ, ಅದರ ಮೇಲೆ ನೋವಿನ ಗುಳಿಗೆ ನ್ಯಾಪ್ರಾಕ್ಸೆನ್ 500 ಮಿ.ಗ್ರಾಂ. ಕಣ್ಣ ಮುಂದೆ ಅಂಕುಡೊಂಕು ಬೆಳಕು ಬರುವವರು ಸುಮಾಟ್ರಿಪ್ಟಾನನ್ನು ಬೆಳಕು ಕಂಡಾಗಲ್ಲ, ನೋವು ಶುರುವಾದಾಗ ತೆಗೆದುಕೊಳ್ಳಬೇಕು.

ವಾಂತಿ ಆಗಿಯೇಬಿಟ್ಟರೆ ಓಆರ್‌ಎಸ್. ದೊಡ್ಡ ಪ್ಯಾಕೆಟ್ಟಿಗೆ ಪೂರ್ತಿ 1 ಲೀಟರ್ ನೀರು. ಅಂದಾಜಿನಲ್ಲಿ ಒಂದು ಲೋಟಕ್ಕೆ ಅರ್ಧ ಸುರಿದರೆ ಉಪ್ಪು ಹೆಚ್ಚಾಗಿ ಓಕರಿಕೆ ಹೆಚ್ಚುತ್ತದೆ. ಎರಡು ನಿಮಿಷಕ್ಕೊಂದು ಚಮಚ, ಅಷ್ಟೇ. ಗಟಗಟ ಕುಡಿದದ್ದು ಹಾಗೇ ವಾಪಸ್. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಇದನ್ನು ಬಿಟ್ಟರೆ ಮರುದಿನವೂ ಹಾಸಿಗೆಯೇ.

ಶುಂಠಿ ಕಷಾಯ ನನಗೆ ಕೈಕೊಟ್ಟಿತು, ಬಿಸಿಗೆ ಹೊಟ್ಟೆ ಇನ್ನಷ್ಟು ತೊಳಸಿತು. ಕಾಲು ಚಮಚ ಒಣಶುಂಠಿ ಪುಡಿಯನ್ನು ಮಹಾಲಿಂಗಪುರದ ಬೆಲ್ಲದ ಚೂರಿನ ಜೊತೆ ನೆಕ್ಕಿದರೆ ಹೊಟ್ಟೆಯಲ್ಲಿ ನಿಲ್ಲುತ್ತದೆ. ಅದಕ್ಕೆ ಚಿಟಿಕೆ ಇನ್ನೊಂದು ಬೀಳುತ್ತದೆ. ಅದು ಅತ್ತೆಯವರ ಗುಟ್ಟು, ನಾನು ಹೇಳುವಂತಿಲ್ಲ. ಬಾಮ್ ಹಚ್ಚಿ ಕೆಟ್ಟೆ, ಘಾಟಿಗೇ ವಾಂತಿ. ಒಗ್ಗರಣೆ, ಊದುಬತ್ತಿ ಎರಡೂ ಆ ಹೊತ್ತಿಗೆ ಬಂದ್. ಮನೆಯೊಳಗೆ ದಿನವಿಡೀ ಕರಿ ಕನ್ನಡಕ ಹಾಕಿಯೂ ನೋಡಿದೆ: ತೆಗೆದ ಮೇಲೆ ಬೆಳಕು ಮೊದಲಿಗಿಂತ ಚುಚ್ಚಿತು.

ಕ್ಯಾಲೆಂಡರಿನಲ್ಲಿ ಗುಳಿಗೆ ನುಂಗಿದ ದಿನಕ್ಕೆ ಗೆರೆ ಹಾಕಿ. ಸುಮಾಟ್ರಿಪ್ಟಾನ್ ತಿಂಗಳಿಗೆ 10 ದಿನ, ಸಾದಾ ನೋವಿನ ಗುಳಿಗೆ 15 ದಿನ ಮುಟ್ಟಿತೆಂದರೆ ಗುಳಿಗೆಯೇ ತಲೆನೋವು ತರುತ್ತದೆ. ಸಿಡಿಲು ಬಡಿದಂತೆ ಒಮ್ಮೆಲೇ ಎದ್ದ ನೋವಿಗೆ, ಕೈಕಾಲು ಸೋತದ್ದಕ್ಕೆ ಈ ಯಾವುದೂ ಅಲ್ಲ, ನೇರ ದವಾಖಾನೆ.

ಬೆಳಗಾವಿ ಬಸ್ಸಿಗೆ ಹೊರಟರೆ ಮುಂದಿನ ಸೀಟು, ಚೀಲದಲ್ಲಿ ನಿಂಬೆಹಣ್ಣು, ಎರಡು ಗಟ್ಟಿ ಪ್ಲಾಸ್ಟಿಕ್ ಚೀಲ.