ಇಲ್ಲದ ಪಿನ್ ಬೇರೆ, ಇನ್ನೂ ಸಿಗದ ಪಿನ್ ಬೇರೆ

ಟಚ್ ಸ್ಕ್ರೀನ್ ಒಂದರ ಲಿನಕ್ಸ್ ಡ್ರೈವರ್ (ಚಿಪ್ ಅನ್ನು ನಡೆಸುವ ಪ್ರೋಗ್ರಾಂ) ನನ್ನ ಕೈಗೆ ಬಂದಾಗ ಅದರ ಜೊತೆ ಒಂದು ದೂರೂ ಬಂತು. ಪವರ್ ತೆಗೆದು ಹಾಕಿದರೆ ಟಚ್ ಚೆನ್ನಾಗಿ ಕೆಲಸ ಮಾಡುತ್ತದೆ. ರೀಬೂಟ್ ಕೊಟ್ಟರೆ ಒಮ್ಮೊಮ್ಮೆ ಬೆರಳಿಟ್ಟರೂ ಏನೂ ಆಗುವುದಿಲ್ಲ. ಯಾವಾಗಲೂ ಅಲ್ಲ, ಒಮ್ಮೊಮ್ಮೆ. ಈ ಪದ ಕೇಳಿದರೇ ನನಗೆ ತಲೆನೋವು ಶುರುವಾಗುತ್ತದೆ.

ಲಾಗ್‌ನಲ್ಲಿ ಒಂದೇ ಒಂದು ಎರರ್ ಇರಲಿಲ್ಲ. ಚಿಪ್ ತನ್ನ ಐಡಿ ಸರಿಯಾಗಿಯೇ ಹೇಳುತ್ತಿತ್ತು. ಎರಡು ದಿನ ನಾನು ಸಿಗ್ನಲ್ ತೋರಿಸುವ ಸ್ಕೋಪ್ ಹಿಡಿದುಕೊಂಡು, ಚಿಪ್ ಜೊತೆ ಮಾತಾಡುವ ಐ2ಸಿ ತಂತಿಗಳನ್ನೇ ನೋಡುತ್ತಾ ಕೂತಿದ್ದೆ. ತಪ್ಪು ಅಲ್ಲಿರಲೇ ಇಲ್ಲ. ಕೊನೆಗೆ ಪ್ರೋಬ್ ಫಂಕ್ಷನ್ ಅನ್ನು, ಅಂದರೆ ಡ್ರೈವರ್ ಚಿಪ್ ಅನ್ನು ಶುರು ಮಾಡುವ ಭಾಗವನ್ನು, ಮೊದಲಿಂದ ಓದಿದೆ. ಹತ್ತನೇ ಸಾಲಿನ ಹತ್ತಿರ ಒಂದು ಕಾಮೆಂಟ್: 'ರೀಸೆಟ್ ಪಿನ್ ಆಪ್ಷನಲ್', ಅಂದರೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಅದರ ಕೆಳಗಿನ ಕೋಡ್ ಮಾಡುತ್ತಿದ್ದದ್ದು ಇಷ್ಟೇ: ಪಿನ್ ಕೇಳು, ಯಾವುದೇ ಎರರ್ ಬಂದರೂ ಪಾಯಿಂಟರ್‌ಗೆ ನಲ್ (ಏನೂ ಇಲ್ಲ ಎಂಬ ಗುರುತು) ಹಾಕು, ಮುಂದೆ ಹೋಗು.

ಆ ಎರರ್ ಎಷ್ಟು ಅಂತ ಸುಮ್ನೆ ಪ್ರಿಂಟ್ ಮಾಡಿಸಿ ಹತ್ತಾರು ಸಲ ರೀಬೂಟ್ ಮಾಡಿದೆ. ಟಚ್ ಸತ್ತ ಪ್ರತಿ ಸಲವೂ ಮೈನಸ್ 517.

517 ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಭಾಷೆಯಲ್ಲಿ ಪ್ರೋಬ್ ಡಿಫರ್. 'ನೀನು ಕೇಳಿದ್ದು ಇದೆ, ಆದರೆ ಅದನ್ನು ಕೊಡಬೇಕಾದವರು ಇನ್ನೂ ಬಂದಿಲ್ಲ, ಆಮೇಲೆ ಬಾ' ಎಂದು ಅರ್ಥ. ನಮ್ಮ ಬೋರ್ಡ್‌ನಲ್ಲಿ ಆ ರೀಸೆಟ್ ಪಿನ್ ನೇರವಾಗಿ ಪ್ರೊಸೆಸರ್‌ನಿಂದ ಬರುತ್ತಿರಲಿಲ್ಲ, ನಡುವೆ ಒಂದು ಜಿಪಿಐಒ ಎಕ್ಸ್‌ಪಾಂಡರ್ ಇತ್ತು, ಅಂದರೆ ಹೆಚ್ಚುವರಿ ಪಿನ್ (ಜಿಪಿಐಒ) ಕೊಡುವ ಚಿಪ್. ಅದರ ಡ್ರೈವರ್ ಬೇರೆ ಮಾಡ್ಯೂಲ್. ಅದು ಮೊದಲು ಲೋಡ್ ಆದರೆ ಪಿನ್ ಸಿಗುತ್ತಿತ್ತು. ಟಚ್ ಡ್ರೈವರ್ ಮೊದಲು ಬಂದರೆ 517. ನಮ್ಮ ಡ್ರೈವರ್ ಅದನ್ನು 'ಪಿನ್ ಇಲ್ಲ' ಎಂದುಕೊಂಡು, ಚಿಪ್ ಅನ್ನು ರೀಸೆಟ್ ಮಾಡದೆಯೇ ಮುಂದೆ ಹೋಗುತ್ತಿತ್ತು. ಪವರ್ ತೆಗೆದು ಹಾಕಿದಾಗ ಚಿಪ್ ತಾನೇ ರೀಸೆಟ್ ಆಗುವುದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ. ರೀಬೂಟ್‌ನಲ್ಲಿ ಚಿಪ್‌ನ ಪವರ್ ಹೋಗುವುದಿಲ್ಲ, ಅದು ಹಳೆಯ ಮೋಡ್‌ನಲ್ಲೇ ಉಳಿದಿರುತ್ತಿತ್ತು. ಹೊಸ ಕರ್ನಲ್‌ಗಳು ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನಲ್ಲಿ ಏನೇನಿದೆ ಎಂದು ಬರೆದಿಡುವ ಫೈಲ್) ಯಾರು ಯಾರನ್ನು ನಂಬಿದ್ದಾರೆ ಎಂದು ತಾವೇ ನೋಡಿ ಕಾಯಿಸುತ್ತವೆ, ಹಾಗಾಗಿ ಈಗ ಇಂಥ ತಪ್ಪು ಅಷ್ಟಾಗಿ ಮೇಲೆ ಬರುವುದಿಲ್ಲ. ನಮ್ಮದು ಹಳೆಯ ಕರ್ನಲ್.

ಸರಿಪಡಿಸಲು ಬೇಕಾಗಿದ್ದು ಎರಡೇ ಸಾಲು. ಜಿಪಿಐಒಗೆ ಆಪ್ಷನಲ್ ಎಂದೇ ಬೇರೆ ಗೆಟ್ ಫಂಕ್ಷನ್ (ಕೇಳಿ ಪಡೆಯುವ ಫಂಕ್ಷನ್) ಇದೆ. ಡಿವೈಸ್ ಟ್ರೀಯಲ್ಲಿ ಪಿನ್ ಬರೆದಿಲ್ಲ ಎಂದರೆ ಅದು ನಲ್ ಕೊಡುತ್ತದೆ. ಬರೆದಿದ್ದೂ ಸಿಗಲಿಲ್ಲ ಎಂದರೆ ಎರರ್ ಕೊಡುತ್ತದೆ. ನಲ್ ಬಂದರೆ ಮುಂದೆ ಹೋಗು, ಎರರ್ ಬಂದರೆ ಅದನ್ನೇ ವಾಪಸ್ ಕೊಟ್ಟು ಹೊರಗೆ ಬಾ. 517 ವಾಪಸ್ ಹೋದರೆ ಕರ್ನಲ್ ಆಮೇಲೆ ಪ್ರೋಬ್ ಅನ್ನು ಮತ್ತೆ ಕರೆಯುತ್ತದೆ.

ಆಪ್ಷನಲ್ ಎನ್ನುವುದು ಬೋರ್ಡ್ ವಿನ್ಯಾಸ ಮಾಡಿದವರಿಗೆ ಕೊಟ್ಟ ಸ್ವಾತಂತ್ರ್ಯ. ತಂತಿ ಎಳೆಯಬಹುದು, ಬಿಡಬಹುದು. ಎಳೆದ ಮೇಲೆ ಅದನ್ನು ಬಳಸುವುದು ಡ್ರೈವರ್‌ನ ಇಷ್ಟಕ್ಕೆ ಬಿಟ್ಟದ್ದಲ್ಲ. ನಮ್ಮ ತಂಡದಲ್ಲಿ ಇದನ್ನು ಒಂದು ಪುಟದ ನಿಯಮವಾಗಿ ಬರೆಯುತ್ತೇನೆ ಎಂದು ನಾನೇ ಒಪ್ಪಿಕೊಂಡೆ. ಅರ್ಧ ದಿನದ ಕೆಲಸ ಎಂದುಕೊಂಡಿದ್ದೆ.

ಮುಂದಿನ ಡ್ರೈವರ್ ಒಂದು ಎಡಿಸಿಯದು, ಅಂದರೆ ವೋಲ್ಟೇಜ್ ಅಳೆದು ನಂಬರ್ ಕೊಡುವ ಚಿಪ್‌ನದು. ಕ್ಲಾಕ್ ಆಪ್ಷನಲ್, ಹೊರಗಿನ ರೆಫರೆನ್ಸ್ ವೋಲ್ಟೇಜ್ ಆಪ್ಷನಲ್, 'ಕೆಲಸ ಮುಗಿಯಿತು' ಎಂದು ಚಿಪ್ ಕೂಗಿ ಹೇಳುವ ಇಂಟರಪ್ಟ್ ಕೂಡ ಆಪ್ಷನಲ್. ಜಿಪಿಐಒ ಥರವೇ ಎಲ್ಲದಕ್ಕೂ ಮಾಡಿದರಾಯಿತು ಅಂದುಕೊಂಡೆ. ಮೂರೂ ಮೂರು ದಾರಿ ಹಿಡಿದವು.

ಕ್ಲಾಕ್ ಮಾತ್ರ ಮೊದಲ ನೋಟಕ್ಕೆ ಸೀದಾ ಇತ್ತು. 2019ರಲ್ಲಿ ಬಂದ 5.1 ಕರ್ನಲ್‌ನಿಂದ ಕ್ಲಾಕ್‌ಗೂ ಆಪ್ಷನಲ್ ಗೆಟ್ ಇದೆ, ಇಲ್ಲದಿದ್ದರೆ ನಲ್ ಬರುತ್ತದೆ. ನಲ್ ಕ್ಲಾಕ್ ಅನ್ನು ಎನೇಬಲ್ ಮಾಡಿದರೆ ಏನೂ ಮಾಡದೆ 'ಆಯ್ತು' ಎನ್ನುತ್ತದೆ. ಕೋಡ್‌ನಲ್ಲಿ ಒಂದೂ 'ಇದೆಯಾ ಇಲ್ಲವಾ' ಎಂಬ ಪ್ರಶ್ನೆ ಬೇಡ. ಚೆಂದ ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಆದರೆ ನನ್ನ ಡ್ರೈವರ್ ಕ್ಲಾಕ್‌ನ ವೇಗ ಕೇಳಿ, ಒಂದು ಸ್ಯಾಂಪಲ್‌ಗೆ ಎಷ್ಟು ಹೊತ್ತು ಕಾಯಬೇಕು ಎಂದು ಭಾಗಿಸಿ ಲೆಕ್ಕ ಹಾಕುತ್ತಿತ್ತು. ನಲ್ ಕ್ಲಾಕ್‌ನ ವೇಗ ಕೇಳಿದರೆ ಸೊನ್ನೆ ಬರುತ್ತದೆ. ಎಆರ್‌ಎಂ64 ಪ್ರೊಸೆಸರ್‌ನಲ್ಲಿ ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸಿದರೆ ಅದು ಕಿರುಚುವುದಿಲ್ಲ, ಉತ್ತರವಾಗಿ ಸೊನ್ನೆ ಕೊಟ್ಟು ಸುಮ್ಮನಾಗುತ್ತದೆ. ಹಾಗಾಗಿ ಕಾಯುವ ಹೊತ್ತು ಸೊನ್ನೆಯಾಯಿತು. ಡ್ರೈವರ್ ಹಿಂದಿನ ಸ್ಯಾಂಪಲ್ ಅನ್ನೇ ಹೊಸದು ಎಂದು ಓದತೊಡಗಿತು. ನಂಬರ್‌ಗಳು ನೋಡಲು ಸರಿಯಾಗಿಯೇ ಇದ್ದವು, ಒಂದು ಹೆಜ್ಜೆ ಹಿಂದೆ ಇದ್ದವು ಅಷ್ಟೇ. ಕಂಡುಹಿಡಿಯಲು ಒಂದು ವಾರ ಹೋಯಿತು.

ನಿಯಮದ ಪುಟಕ್ಕೆ ಒಂದು ಸಾಲು ಸೇರಿತು: 'ಏನೋ ಮಾಡು' ಎಂದು ಹೇಳುವ ಕಡೆ ನಲ್ ಸಾಕು. 'ಎಷ್ಟು' ಎಂದು ಕೇಳುವ ಕಡೆ, ಇಲ್ಲದಿದ್ದರೆ ಉತ್ತರ ಎಲ್ಲಿಂದ ಬರಬೇಕು ಎಂದು ಡ್ರೈವರ್‌ನಲ್ಲೇ ಬರೆಯಬೇಕು. ನನ್ನ ಎಡಿಸಿಗೆ ಆ ಉತ್ತರ ಡೇಟಾಶೀಟ್‌ನಲ್ಲಿತ್ತು, ಚಿಪ್‌ನ ಒಳಗಿನ ಆಸಿಲೇಟರ್ ವೇಗ.

ರೆಫರೆನ್ಸ್ ವೋಲ್ಟೇಜ್ ಬರುವುದು ರೆಗ್ಯುಲೇಟರ್ (ವೋಲ್ಟೇಜ್ ಒದಗಿಸುವ ಭಾಗ) ಮೂಲಕ. ಅದರ ವಿಷಯಕ್ಕೆ ಬಂದರೆ, ಅಲ್ಲಿ ಆಪ್ಷನಲ್ ಎಂಬ ಪದದ ಅರ್ಥವೇ ಬೇರೆ. ಸಾಮಾನ್ಯ ಗೆಟ್ ಕರೆದಾಗ ಡಿವೈಸ್ ಟ್ರೀಯಲ್ಲಿ ಸಪ್ಲೈ ಬರೆದಿಲ್ಲ ಎಂದರೆ ಎರರ್ ಬರುವುದಿಲ್ಲ, ಕರ್ನಲ್ ಒಂದು ಡಮ್ಮಿ ಕೊಡುತ್ತದೆ. ಅದರ ಹಿಂದಿನ ಯೋಚನೆ ಸರಿಯಾಗಿದೆ: ಚಿಪ್‌ಗೆ ಪವರ್ ಇಲ್ಲದೆ ನಡೆಯುವುದಿಲ್ಲ, ಬರೆದಿಲ್ಲ ಎಂದರೆ ಪವರ್ ಯಾವಾಗಲೂ ಆನ್ ಇದೆ ಎಂದೇ ಅರ್ಥ. ಆಪ್ಷನಲ್ ಗೆಟ್ ಇರುವುದು ನಿಜವಾಗಿಯೂ ಜೋಡಿಸದೆ ಬಿಡಬಹುದಾದ ಸಪ್ಲೈಗೆ. ನನ್ನ ಹೊರಗಿನ ರೆಫರೆನ್ಸ್ ಅಂಥದ್ದೇ. ಆದರೆ ಇಲ್ಲದಾಗ ಆ ಗೆಟ್ ನಲ್ ಕೊಡುವುದಿಲ್ಲ, 'ಅಂಥ ಸಾಧನ ಇಲ್ಲ' ಎನ್ನುವ ಎರರ್, ಮೈನಸ್ 19 ಕೊಡುತ್ತದೆ.

ನನಗೆ ಇದು ಕಣ್ಣಿಗೆ ಕಸದಂತೆ ಚುಚ್ಚಿತು. ಎಲ್ಲವೂ ಒಂದೇ ಥರ ಕಾಣಲಿ ಎಂದು ಒಂದು ಪುಟ್ಟ ಫಂಕ್ಷನ್ ಬರೆದೆ, 19 ಬಂದರೆ ನಲ್ ಮಾಡಿ ಕೊಡುವಂಥದ್ದು. ರಿವ್ಯೂಗೆ ಹಾಕಿದೆ, ಸ್ವಲ್ಪ ಹೆಮ್ಮೆಯಿಂದಲೇ. ನಮ್ಮ ತಂಡದ ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಈ ನಲ್ ಅನ್ನು ಯಾರಾದ್ರೂ ಎನೇಬಲ್ ಮಾಡಿದ್ರೆ ಏನಾಗತ್ತೆ, ನೋಡಿದ್ದೀರಾ?" ನೋಡಿರಲಿಲ್ಲ. ರೆಗ್ಯುಲೇಟರ್ ಫಂಕ್ಷನ್‌ಗಳು ನಲ್ ತೆಗೆದುಕೊಳ್ಳುವುದಿಲ್ಲ, ಪಾಯಿಂಟರ್ ಒಳಗೆ ಕೈ ಹಾಕಿ ಕರ್ನಲ್ ಊಪ್ಸ್ ಹೊಡೆಯುತ್ತದೆ, ಅಂದರೆ ಕುಸಿಯುತ್ತದೆ. ಮೇಲ್ನೋಟಕ್ಕೆ ಒಂದೇ ಥರ ಕಾಣುವಂತೆ ಮಾಡಿ ನಾನು ಮುಂದಿನವರಿಗೆ ಗುಂಡಿ ತೋಡಿಟ್ಟಿದ್ದೆ. ಆ ಪ್ಯಾಚ್ ವಾಪಸ್ ತೆಗೆದುಕೊಂಡೆ. ಈಗ ಪ್ರೋಬ್‌ನಲ್ಲಿ ಒಮ್ಮೆ ಕೇಳುತ್ತೇನೆ. 19 ಬಂದರೆ ಒಳಗಿನ ರೆಫರೆನ್ಸ್‌ನ ವೋಲ್ಟೇಜ್ ಅನ್ನು ಒಂದು ನಂಬರ್ ಆಗಿ ಇಟ್ಟುಕೊಳ್ಳುತ್ತೇನೆ, ಬೇರೆ ಎರರ್ ಆದರೆ ಹೊರಗೆ. ಆಮೇಲೆ ಡ್ರೈವರ್‌ನ ಬೇರೆ ಯಾವ ಕಡೆಯೂ ಆ ರೆಗ್ಯುಲೇಟರ್‌ನ ಹೆಸರು ಎತ್ತುವುದಿಲ್ಲ.

ಇಂಟರಪ್ಟ್ ಪಾಯಿಂಟರ್ ಅಲ್ಲ, ನಂಬರ್. ಅದರ ಆಪ್ಷನಲ್ ಗೆಟ್ 5.4ರಲ್ಲಿ ಬಂತು. ಸಾಮಾನ್ಯ ಗೆಟ್‌ಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ, ಇದು ಲಾಗ್‌ನಲ್ಲಿ ಎರರ್ ಬರೆಯುವುದಿಲ್ಲ. ಇಂಟರಪ್ಟ್ ಇಲ್ಲದಿದ್ದರೆ ಎರಡೂ ಮೈನಸ್ 6 ಕೊಡುತ್ತವೆ. ಹೆಸರು ಒಂದು ಹೇಳುತ್ತದೆ, ನಡವಳಿಕೆ ಇನ್ನೊಂದು. ಇಲ್ಲದಾಗ ಸೊನ್ನೆ ಕೊಡಬೇಕು ಎಂದು ಕೆಲವರು, ಹೆಸರನ್ನೇ ಬದಲಿಸಬೇಕು ಎಂದು ಕೆಲವರು, ಕರ್ನಲ್ ಬರೆಯುವವರೇ 2022ರಲ್ಲಿ ಇದಕ್ಕಾಗಿ ಬಹಳ ದಿನ ಜಗ್ಗಾಡಿದರು. ನನ್ನ ಮನಸ್ಸು ಹೆಸರು ಬದಲಿಸುವವರ ಕಡೆ. ನಲ್ ಕ್ಲಾಕ್ ಅನ್ನು ಕಣ್ಣುಮುಚ್ಚಿ ಬಳಸಬಹುದು, ಆದರೆ ಇಂಟರಪ್ಟ್ ಇಲ್ಲ ಎಂದರೆ ಡ್ರೈವರ್ ಹೇಗಿದ್ದರೂ ಪೋಲಿಂಗ್‌ಗೆ (ತಾನೇ ಮತ್ತೆ ಮತ್ತೆ ಕೇಳಿ ನೋಡುವುದಕ್ಕೆ) ದಾರಿ ಬದಲಿಸಲೇಬೇಕು. ಅಲ್ಲಿ ಪ್ರಶ್ನೆ ತಪ್ಪಿಸಿಕೊಳ್ಳುವ ಲಾಭವೇ ಇಲ್ಲ. ಸದ್ಯ ನಮ್ಮ ಪುಟದಲ್ಲಿ ಇರುವುದು: ಸೊನ್ನೆಗಿಂತ ಜಾಸ್ತಿ ಆದರೆ ಬಳಸು, ಮೈನಸ್ 6 ಆದರೆ ಪೋಲಿಂಗ್, ಮಿಕ್ಕಿದ್ದೆಲ್ಲ ಎರರ್. 'ಮೈನಸ್ ಬಂದರೆ ಪೋಲಿಂಗ್' ಎಂದು ಬರೆದರೆ 517 ಕೂಡ ಪೋಲಿಂಗ್ ಆಗಿ, ಸಿಪಿಯು ಸುಮ್ಮಸುಮ್ಮನೆ ಸುತ್ತುತ್ತಿರುತ್ತದೆ.

ನಲ್ ಮತ್ತು ಎರರ್ ಎರಡನ್ನೂ ಒಟ್ಟಿಗೆ ಪರೀಕ್ಷಿಸುವ ಮ್ಯಾಕ್ರೋ ಒಂದಿದೆ. ನಮ್ಮಲ್ಲಿ ಆಪ್ಷನಲ್ ಗೆಟ್‌ನ ಮೇಲೆ ಅದನ್ನು ಹಾಕಿದರೆ ರಿವ್ಯೂನಲ್ಲೇ ನಿಲ್ಲಿಸುತ್ತೇವೆ. ನಲ್ ಬಂದಾಗ ಅದರೊಳಗಿನ ಎರರ್ ನಂಬರ್ ಓದಿದರೆ ಸೊನ್ನೆ ಸಿಗುತ್ತದೆ. ಪ್ರೋಬ್ ಸೊನ್ನೆ ವಾಪಸ್ ಕೊಟ್ಟರೆ ಗೆದ್ದೆವು ಎಂದರ್ಥ. ಅರ್ಧ ಕಟ್ಟಿದ ಡ್ರೈವರ್ ಸಿಸ್ಟಮ್‌ನಲ್ಲಿ ಕೂತುಬಿಡುತ್ತದೆ.

ಎರರ್ ಬರೆಯುವ ಕೆಲಸಕ್ಕೆ 5.9ರಲ್ಲಿ ಬಂದ ಡೆವ್ ಎರ್ ಪ್ರೋಬ್ ಎಂಬ ಫಂಕ್ಷನ್ ಸಾಕು. 517 ಆದರೆ ಡೀಬಗ್ ಮಟ್ಟದಲ್ಲಿ ಬರೆದು, ಕಾಯಲು ಕಾರಣ ಏನೆಂದು ಡೀಬಗ್‌ಎಫ್‌ಎಸ್‌ನ (ಕರ್ನಲ್ ಒಳಗಿನ ಸ್ಥಿತಿ ತೋರಿಸುವ ಜಾಗ) ಡಿವೈಸಸ್ ಡಿಫರ್ಡ್ ಫೈಲ್‌ಗೆ ಸೇರಿಸುತ್ತದೆ. ಬೇರೆಯದಾದರೆ ನೇರ ಎರರ್.

ಪರೀಕ್ಷೆ ಮಾಡುವಾಗ ಡಿವೈಸ್ ಟ್ರೀಯಿಂದ ಒಂದೊಂದೇ ಸಾಲು ತೆಗೆದು ಬೂಟ್ ಮಾಡುತ್ತೇನೆ. ಆಮೇಲೆ ಸಾಲು ಹಾಗೇ ಬಿಟ್ಟು, ಅದನ್ನು ಕೊಡುವ ಮಾಡ್ಯೂಲ್ ಅನ್ನು ತೆಗೆದು ಬೂಟ್ ಮಾಡುತ್ತೇನೆ. ಎರಡು ಸಲವೂ ಡ್ರೈವರ್ ಒಂದೇ ಥರ ನಡೆದುಕೊಂಡರೆ ಎಲ್ಲೋ ತಪ್ಪಾಗಿದೆ.

ಒಂದು ತೊಂದರೆ ಮಾತ್ರ ಈ ನಿಯಮಗಳಿಗೆ ಬಗ್ಗಲಿಲ್ಲ. ಡಿವೈಸ್ ಟ್ರೀಯಲ್ಲಿ ರೀಸೆಟ್ ಎಂಬ ಪದದ ಒಂದು ಅಕ್ಷರ ತಪ್ಪಿದರೂ ಡ್ರೈವರ್‌ಗೆ ಅದು ಪಿನ್ ಇಲ್ಲದ ಬೋರ್ಡ್. ಡ್ರೈವರ್‌ನ ತಪ್ಪಲ್ಲ, ಆದರೆ ಕರೆ ಬರುವುದು ನನಗೇ. ಡಿವೈಸ್ ಟ್ರೀ ಹೇಗಿರಬೇಕು ಎಂದು ಬರೆದ ಸ್ಕೀಮಾ ಇಟ್ಟು ಪರೀಕ್ಷಿಸಿದರೆ ಸಿಕ್ಕಿಬೀಳುತ್ತದೆ, ಆದರೆ ಅವಸರದಲ್ಲಿ ಅದನ್ನು ಓಡಿಸುವವರು ಕಡಿಮೆ. ಹಾಗಾಗಿ ಪ್ರೋಬ್‌ನ ಕೊನೆಯಲ್ಲಿ ನನ್ನ ಡ್ರೈವರ್‌ಗಳು ಒಂದು ಸಾಲು ಬರೆಯುತ್ತವೆ: ರೀಸೆಟ್ ಇಲ್ಲ, ಕ್ಲಾಕ್ ಇದೆ, ರೆಫರೆನ್ಸ್ ಒಳಗಿನದು, ಪೋಲಿಂಗ್. ಇದು ಲಾಗ್‌ನ ಗದ್ದಲ ಎಂದು ಇಬ್ಬರು ಈಗಾಗಲೇ ಹೇಳಿದ್ದಾರೆ. ಡೀಬಗ್ ಮಟ್ಟಕ್ಕೆ ಇಳಿಸಿ ಎಂದೂ ಕೇಳಿದರು. ಇಳಿಸಿಲ್ಲ.